ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು: ಈ ವಿಂಗಡಣೆಗೆ ಆಧಾರವಿದೆಯೇ?

ಒಂದೇ ಕೊಠಡಿ, ಒಂದೇ ಪಾಠ, ಪಾಠ ಮಾಡುವವರೂ ಒಬ್ಬರೇ. ಆದರೂ ಒಬ್ಬ ವಿದ್ಯಾರ್ಥಿಗೆ ವಿಷಯ ತಕ್ಷಣ ತಿಳಿಯುತ್ತದೆ, ಪಕ್ಕದಲ್ಲಿ ಕುಳಿತವನಿಗೆ ಮೂರು ಸಲ ಹೇಳಿದರೂ ತಿಳಿಯುವುದಿಲ್ಲ. ಏಕೆ ಹೀಗೆ? ತರಬೇತಿ ಶಿಬಿರಗಳಲ್ಲಿ ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರವನ್ನು ನೀವು ಕೇಳಿರಬಹುದು. ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಇನ್ನು ಕೆಲವರು ಕೈಯಿಂದ ಮಾಡಿ ಕಲಿಯುತ್ತಾರೆ. ಪ್ರತಿ ಮಗುವಿನ ಶೈಲಿಯನ್ನು ಗುರುತಿಸಿ ಅದಕ್ಕೆ ಹೊಂದುವಂತೆ ಪಾಠ ಮಾಡಿದರೆ ಎಲ್ಲರೂ ಚೆನ್ನಾಗಿ ಕಲಿಯುತ್ತಾರೆ, ಎನ್ನುವುದೇ ಆ ಉತ್ತರ. ಇದನ್ನು 'ಕಲಿಕಾ ಶೈಲಿ' ಸಿದ್ಧಾಂತ ಎನ್ನುತ್ತಾರೆ.

ಕೇಳಲು ಹಿತವಾಗಿರುವ ಈ ಮಾತನ್ನು ನಂಬುವವರು ಕಡಿಮೆಯೇನಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ಗಳಲ್ಲಿ ಪ್ರಶ್ನಿಸಲಾದ ಶಿಕ್ಷಕರ ಪೈಕಿ ಶೇಕಡಾ 90ಕ್ಕಿಂತ ಹೆಚ್ಚು ಮಂದಿ ಇದನ್ನು ಒಪ್ಪಿದ್ದರು. ಆದರೆ ಎಷ್ಟು ಜನ ಒಪ್ಪುತ್ತಾರೆ ಎಂಬುದರಿಂದ ವಿಜ್ಞಾನದಲ್ಲಿ ಯಾವ ಹೇಳಿಕೆಯೂ ಸತ್ಯವಾಗುವುದಿಲ್ಲ. ಆದ್ದರಿಂದ ಈ ಸಿದ್ಧಾಂತವನ್ನು ಪ್ರಯೋಗದ ಒರೆಗೆ ಹಚ್ಚಿ ನೋಡೋಣ.

ಪ್ರಶ್ನಾವಳಿ ಅಳೆಯುವುದೇನು?

ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮತ್ತು ಕಾಲೀನ್ ಮಿಲ್ಸ್ 1992ರಲ್ಲಿ 'ವಾರ್ಕ್' ಎಂಬ ಮಾದರಿಯನ್ನು ಪ್ರಕಟಿಸಿದರು. ನೋಡುವುದು, ಕೇಳುವುದು, ಓದುವುದು-ಬರೆಯುವುದು, ಮಾಡಿ ತಿಳಿಯುವುದು ಎಂಬ ನಾಲ್ಕು ವಿಭಾಗಗಳು ಅದರಲ್ಲಿವೆ. ಇಂತಹ ಮಾದರಿ ಇದೊಂದೇ ಅಲ್ಲ. 2004ರಲ್ಲಿ ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಇಂತಹ 71 ಮಾದರಿಗಳನ್ನು ಪಟ್ಟಿ ಮಾಡಿ, ಮುಖ್ಯವಾದ 13ನ್ನು ಆಳವಾಗಿ ಪರಿಶೀಲಿಸಿದರು. ಒಳ್ಳೆಯ ಮಾಪನಕ್ಕೆ ಇರಬೇಕಾದ ನಾಲ್ಕು ಕನಿಷ್ಠ ಗುಣಗಳನ್ನು ಅವರು ಹುಡುಕಿದರು. ಅಳತೆ ಮರುಸಲವೂ ಅಷ್ಟೇ ಬರಬೇಕು, ಅಳೆಯುತ್ತೇನೆಂದು ಹೇಳಿದ್ದನ್ನೇ ಅದು ಅಳೆಯಬೇಕು ಎನ್ನುವಂತಹವು ಅವು. ಆ 13ರಲ್ಲಿ ನಾಲ್ಕೂ ಗುಣಗಳಿದ್ದದ್ದು ಒಂದೇ ಮಾದರಿಯಲ್ಲಿ!

ಇಲ್ಲಿ ನಾವು ಒಂದು ವ್ಯತ್ಯಾಸವನ್ನು ಗಮನಿಸಬೇಕು. "ನಿಮಗೆ ಯಾವುದು ಇಷ್ಟ?" ಎಂದು ಕೇಳಿದಾಗ ಸಿಗುವುದು ಇಷ್ಟದ ಮಾಹಿತಿ. ಇಷ್ಟವಾದ ರೀತಿಯಲ್ಲಿ ಹೇಳಿಕೊಟ್ಟರೆ ಕಲಿಕೆ ಹೆಚ್ಚುತ್ತದೆ ಎಂಬುದು ಬೇರೆಯೇ ಹೇಳಿಕೆ. ಅದಕ್ಕೆ ಪ್ರತ್ಯೇಕ ಪುರಾವೆ ಬೇಕು.

ಪುರಾವೆ ಹೇಗಿರಬೇಕು?

ಇದನ್ನು ಸ್ಪಷ್ಟವಾಗಿ ಹೇಳಿದವರು ಅಮೆರಿಕದ ಮನೋವಿಜ್ಞಾನಿಗಳಾದ ಹೆರಾಲ್ಡ್ ಪ್ಯಾಶ್ಲರ್, ಮಾರ್ಕ್ ಮೆಕ್‌ಡೇನಿಯಲ್, ಡಗ್ ರೋರರ್ ಮತ್ತು ರಾಬರ್ಟ್ ಬ್ಯೋರ್ಕ್. 2008ರ ತಮ್ಮ ವಿಮರ್ಶಾ ಪ್ರಬಂಧದಲ್ಲಿ ಅವರು ವಿಧಿಸಿದ ಷರತ್ತು ಇದು: ವಿದ್ಯಾರ್ಥಿಗಳನ್ನು ಶೈಲಿಗೆ ತಕ್ಕಂತೆ ಗುಂಪು ಮಾಡಬೇಕು, ಪ್ರತಿ ಗುಂಪಿನವರನ್ನೂ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಬೋಧನಾ ವಿಧಾನಗಳಿಗೆ ಹಂಚಬೇಕು, ಕೊನೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಒಂದು ಗುಂಪಿಗೆ ಉತ್ತಮವಾದ ವಿಧಾನ ಇನ್ನೊಂದು ಗುಂಪಿಗೆ ಉತ್ತಮವಾಗಬಾರದು. ಆಗ ಮಾತ್ರ ಸಿದ್ಧಾಂತ ಗೆದ್ದಂತೆ.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳಿ. ಚಿತ್ರಗಳ ಮೂಲಕ ಪಾಠ ಮಾಡಿದಾಗ 'ನೋಡಿ ಕಲಿಯುವವರು' ಸರಾಸರಿ 70 ಅಂಕ, 'ಕೇಳಿ ಕಲಿಯುವವರು' 60 ಅಂಕ ಪಡೆದರು ಎನ್ನಿ. ಬರೀ ಮಾತಿನಲ್ಲಿ ಪಾಠ ಮಾಡಿದಾಗ ಮೊದಲನೆಯವರಿಗೆ 60, ಎರಡನೆಯವರಿಗೆ 50 ಬಂದವು. ಚಿತ್ರದ ಪಾಠದಲ್ಲಿ ನೋಡುವವರೇ ಮುಂದಿದ್ದಾರೆ, ಆದ್ದರಿಂದ ಸಿದ್ಧಾಂತ ಸರಿ, ಎಂದು ಆತುರದಲ್ಲಿ ಹೇಳಿಬಿಡಬಹುದು. ಆದರೆ ಅಂಕಗಳನ್ನು ಮತ್ತೊಮ್ಮೆ ನೋಡಿ. ಚಿತ್ರದ ಪಾಠದಿಂದ ಎರಡು ಗುಂಪುಗಳಿಗೂ ಹತ್ತು ಅಂಕ ಹೆಚ್ಚು ಬಂದಿದೆ. ಅಂದರೆ ಎಲ್ಲರಿಗೂ ಚಿತ್ರವೇ ಒಳ್ಳೆಯದು. ಮಕ್ಕಳನ್ನು ವಿಂಗಡಿಸುವ ಅಗತ್ಯವೇ ಇಲ್ಲ. ನಕ್ಷೆ ಹಾಕಿ ಎರಡು ಗುಂಪುಗಳ ಗೆರೆ ಎಳೆದರೆ ಅವು ಸಮಾಂತರವಾಗಿರುತ್ತವೆ. ಸಿದ್ಧಾಂತಕ್ಕೆ ಬೇಕಾದದ್ದು ಒಂದನ್ನೊಂದು ಕತ್ತರಿಸುವ ಗೆರೆಗಳು.

ಈ ಷರತ್ತಿನಂತೆ ನಡೆದ ಪ್ರಯೋಗಗಳೇ ಬಹಳ ಕಡಿಮೆ. ನಡೆದವುಗಳಲ್ಲಿ ಹಲವು ಸಿದ್ಧಾಂತಕ್ಕೆ ವಿರುದ್ಧವಾಗಿವೆ ಎಂದು 2008ರ ಪ್ರಬಂಧ ಹೇಳಿತು. ಅನಂತರ 2015ರಲ್ಲಿ ಬೆತ್ ರೊಗೋವ್ಸ್ಕಿ ಮತ್ತು ಸಂಗಡಿಗರು ಕಾಲೇಜು ಶಿಕ್ಷಣ ಪಡೆದ ವಯಸ್ಕರಲ್ಲಿ ಕೆಲವರಿಗೆ ಪುಸ್ತಕದ ಭಾಗಗಳನ್ನು ಕೇಳಿಸಿದರು, ಉಳಿದವರಿಂದ ಓದಿಸಿದರು. ಕೂಡಲೇ ಒಮ್ಮೆ, ಎರಡು ವಾರಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿದಾಗಲೂ ಶೈಲಿಗೆ ಹೊಂದಿದ ವಿಧಾನದಿಂದ ಯಾವ ಲಾಭವೂ ಕಾಣಲಿಲ್ಲ.

ಹಾಗಾದರೆ ನಮ್ಮ ಅನುಭವ ಸುಳ್ಳೇ?

"ನನಗೆ ಚಿತ್ರ ನೋಡಿದರೇ ಅರ್ಥವಾಗುವುದು" ಎಂದು ನೀವು ಹೇಳಬಹುದು. 2017ರಲ್ಲಿ ಪ್ರಕಟವಾದ ಅಬ್ಬಿ ನೋಲ್ ಮತ್ತು ಸಂಗಡಿಗರ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳು ಚಿತ್ರಗಳನ್ನೂ ಪದಗಳನ್ನೂ ನೆನಪಿಡಬೇಕಿತ್ತು. ಎಷ್ಟು ನೆನಪಿರುತ್ತದೆಂದು ಮೊದಲೇ ಅಂದಾಜು ಮಾಡಬೇಕಿತ್ತು. ಅಂದಾಜು ಅವರವರ ಶೈಲಿಯಂತೆಯೇ ಬಂತು. ನಿಜವಾದ ನೆನಪಿಗೂ ಶೈಲಿಗೂ ಮಾತ್ರ ಸಂಬಂಧ ಇರಲಿಲ್ಲ. ಚೆನ್ನಾಗಿ ಕಲಿತೆವು ಎಂಬ ಭಾವನೆ ನಿಜ. ಆದರೆ ಭಾವನೆ ಬಂದಷ್ಟು ಕಲಿಕೆ ಆಗಿರುವುದಿಲ್ಲ.

ಇನ್ನೊಂದು ಪಕ್ಷವನ್ನೂ ಹೇಳುವುದು ನ್ಯಾಯ. 2024ರಲ್ಲಿ 21 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ ಹೊಂದಾಣಿಕೆಯಿಂದ ಸಣ್ಣ ಪ್ರಮಾಣದ ಲಾಭ ಕಂಡುಬಂತು. ಆದರೆ ಗೆರೆಗಳು ಕತ್ತರಿಸುವ ಫಲಿತಾಂಶ ಸಿಕ್ಕಿದ್ದು ಸುಮಾರು ಕಾಲು ಭಾಗದಷ್ಟು ಅಳತೆಗಳಲ್ಲಿ ಮಾತ್ರ. ಇಷ್ಟನ್ನೇ ನಂಬಿ ತರಗತಿಯನ್ನು ವಿಂಗಡಿಸುವುದು ಶ್ರಮಕ್ಕೆ ತಕ್ಕದ್ದಲ್ಲ ಎಂದೇ ಅದರ ಲೇಖಕರೂ ಅಭಿಪ್ರಾಯಪಟ್ಟರು.

ವಿಂಗಡಣೆಯಿಂದ ಆಗುವ ಹಾನಿ

"ಲಾಭವಿಲ್ಲದಿದ್ದರೂ ನಷ್ಟವೇನು?" ಎಂದು ಕೇಳುವವರಿದ್ದಾರೆ. ನಷ್ಟ ಮಗುವಿಗೆ ಆಗುತ್ತದೆ. ರೊಗೋವ್ಸ್ಕಿ ಅವರ ತಂಡ 2020ರಲ್ಲಿ ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಅದರಲ್ಲಿ 'ಕೇಳಿ ಕಲಿಯುವವರು' ಎನಿಸಿದ ಮಕ್ಕಳಿಗಿಂತ 'ನೋಡಿ ಕಲಿಯುವವರು' ಓದಿನಲ್ಲಿ ಮಾತ್ರವಲ್ಲ, ಕೇಳಿ ಗ್ರಹಿಸುವುದರಲ್ಲೂ ಮುಂದಿದ್ದರು. ಈಗ ಯೋಚಿಸಿ: ಹಿಂದುಳಿದ ಮಗುವಿಗೆ "ನೀನು ಕೇಳಿ ಕಲಿಯುವವನು" ಎಂದು ಹೇಳಿ ಓದಿನಿಂದ ವಿನಾಯಿತಿ ಕೊಟ್ಟರೆ, ಅದಕ್ಕೆ ಅತ್ಯಗತ್ಯವಾದ ಓದಿನ ಅಭ್ಯಾಸವನ್ನೇ ತಪ್ಪಿಸಿದಂತಾಗುವುದಿಲ್ಲವೇ? 2023ರ ಇನ್ನೊಂದು ಅಧ್ಯಯನದಲ್ಲಿ ಪೋಷಕರು, ಶಿಕ್ಷಕರು ಮತ್ತು ಮಕ್ಕಳು 'ನೋಡಿ ಕಲಿಯುವವರನ್ನು' 'ಕೈಯಿಂದ ಮಾಡಿ ಕಲಿಯುವವರಿಗಿಂತ' ಹೆಚ್ಚು ಬುದ್ಧಿವಂತರೆಂದು ಭಾವಿಸಿದರು. ಒಳ್ಳೆಯ ಉದ್ದೇಶದಿಂದ ಅಂಟಿಸಿದ ಚೀಟಿ ದಡ್ಡ-ಜಾಣ ಎಂಬ ಹಳೆಯ ಚೀಟಿಯೇ ಆಗಿಬಿಡುತ್ತದೆ.

ಯಾವ ಭಿನ್ನತೆಯನ್ನು ಗಮನಿಸಬೇಕು?

ಮಕ್ಕಳಲ್ಲಿ ಭಿನ್ನತೆ ಇಲ್ಲವೆಂದು ಯಾರೂ ಹೇಳುತ್ತಿಲ್ಲ. ದೃಷ್ಟಿ ಅಥವಾ ಶ್ರವಣ ದೋಷವಿರುವ ಮಗುವಿಗೆ ಬೇರೆ ವ್ಯವಸ್ಥೆ ಬೇಕೇ ಬೇಕು. ಅದು ಶೈಲಿಯ ಪ್ರಶ್ನೆಯಲ್ಲ. ಉಳಿದಂತೆ ಬೋಧನೆಯ ಮಾಧ್ಯಮವನ್ನು ನಿರ್ಧರಿಸಬೇಕಾದದ್ದು ವಿಷಯ. ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸವನ್ನು ಎಲ್ಲರೂ ಕಿವಿಯಿಂದಲೇ ತಿಳಿಯಬೇಕು. ಕಾವೇರಿಯ ಹರಿವನ್ನು ಭೂಪಟದಲ್ಲೇ ನೋಡಬೇಕು. ಪಿಪೆಟ್ಟನ್ನು ಕೈಯಲ್ಲಿ ಹಿಡಿಯದೆ ಅನುಮಾಪನ ಬರುವುದಿಲ್ಲ.

ಬೋಧನೆಗೆ ಮುಖ್ಯವಾದ ಭಿನ್ನತೆ ಎಂದರೆ ಮಗುವಿಗೆ ಈಗಾಗಲೇ ಏನು ಗೊತ್ತಿದೆ ಎಂಬುದು. ಇಲ್ಲಿ ಗೆರೆಗಳು ನಿಜಕ್ಕೂ ಕತ್ತರಿಸುತ್ತವೆ. ಬಿಡಿಸಿದ ಲೆಕ್ಕಗಳನ್ನು ಹಂತಹಂತವಾಗಿ ತೋರಿಸುವುದು ಹೊಸಬರಿಗೆ ನೆರವಾಗುತ್ತದೆ. ವಿಷಯ ಬಲ್ಲವರಿಗೆ ಅದೇ ಅಡ್ಡಿಯಾಗಬಹುದು, ಅವರಿಗೆ ತಾವೇ ಲೆಕ್ಕ ಬಿಡಿಸುವುದು ಹೆಚ್ಚು ಫಲಕಾರಿ. ಸ್ಲಾವಾ ಕಲ್ಯೂಗಾ, ಜಾನ್ ಸ್ವೆಲ್ಲರ್ ಮುಂತಾದವರು 2003ರ ಪ್ರಬಂಧದಲ್ಲಿ ಇಂತಹ ಫಲಿತಾಂಶಗಳನ್ನು ಸಂಗ್ರಹಿಸಿ ಕೊಟ್ಟಿದ್ದಾರೆ.

ಈ ತತ್ತ್ವ ನಮಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಕಲಿಕಾ ಏಣಿ ಇತ್ತು. ಮಗು ಯಾವ ಮೆಟ್ಟಿಲು ತಲುಪಿದೆಯೋ ಅಲ್ಲಿಂದ ಮುಂದಕ್ಕೆ ಹೋಗುತ್ತಿತ್ತು. ಶಿಕ್ಷಕರ ನೆರವು ಎಷ್ಟು ಬೇಕು ಎಂಬುದನ್ನು ನೋಡಿ ಮಕ್ಕಳನ್ನು 'ತಟ್ಟೆ'ಗಳಲ್ಲಿ ಕೂರಿಸುತ್ತಿದ್ದರು. ಆ ವಿಧಾನದ ಆಚರಣೆಯಲ್ಲಿನ ಕುಂದುಕೊರತೆಗಳು ಬೇರೆ ವಿಷಯ. ಅದು ಗುರುತಿಸಲು ಹೊರಟ ಭಿನ್ನತೆ ಮಾತ್ರ ಸರಿಯಾದದ್ದೇ.

ಮುಂದಿನ ಸಲ ಯಾರಾದರೂ ಶೈಲಿಯ ಪ್ರಶ್ನಾವಳಿಯನ್ನು ನಿಮ್ಮ ಕೈಗಿತ್ತರೆ, ಅದರ ಹಿಂದೆ ಯಾವ ಪ್ರಯೋಗವಿದೆ, ಗೆರೆಗಳು ಕತ್ತರಿಸಿದವೇ ಎಂದು ಕೇಳಿ. ಪ್ರಶ್ನಾವಳಿ ತುಂಬಿಸುವ ಆ ಅರ್ಧ ಗಂಟೆಯಲ್ಲಿ ಹಿಂದಿನ ಪಾಠದ ಮೇಲೆ ಐದು ಪ್ರಶ್ನೆ ಬರೆಸಿ ನೋಡಿ. ಯಾವ ಮಗು ಎಲ್ಲಿ ನಿಂತಿದೆ ಎಂಬುದು ಆ ಉತ್ತರಗಳಲ್ಲೇ ತಿಳಿಯುತ್ತದೆ.