ಮಕ್ಪೇಲದ ಗವಿಯೂ ದಾರಿಬದಿಯ ಸಮಾಧಿಯೂ

ಆದಿಕಾಂಡದ 23ನೇ ಅಧ್ಯಾಯವನ್ನು ನೀವು ಕೊನೆಯ ಬಾರಿ ಓದಿದ್ದು ಯಾವಾಗ? ಅದರ 20 ವಚನಗಳಲ್ಲಿ ಸಾರಾಳ ಮರಣಕ್ಕೂ ಅಬ್ರಹಾಮನ ಕಣ್ಣೀರಿಗೂ ದೊರೆತಿರುವುದು ಎರಡೇ ವಚನ. ಉಳಿದುದು ಬಹುಪಾಲು ಜಮೀನಿನ ವ್ಯವಹಾರ. ಹಿತ್ತಿಯರು ತಮ್ಮ ಸಮಾಧಿಗಳಲ್ಲಿಯೇ ಉತ್ತಮವಾದುದನ್ನು ಆರಿಸಿಕೊಳ್ಳೆನ್ನುತ್ತಾರೆ. ಆತ ತಲೆಬಾಗಿ ಬೇರೆಯದನ್ನು ಕೇಳುತ್ತಾನೆ. ಎಫ್ರೋನನು ಹೊಲವನ್ನೇ ಕೊಟ್ಟಿದ್ದೇನೆನ್ನುತ್ತಾನೆ. ಆತ ಮತ್ತೆ ತಲೆಬಾಗಿ, ಬೆಲೆ ಕೊಡುತ್ತೇನೆನ್ನುತ್ತಾನೆ. ಕೊನೆಗೆ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು ಗವಿ, ಹೊಲ, ಹೊಲದ ಮರಗಳೆಲ್ಲವನ್ನೂ ಊರಬಾಗಿಲಲ್ಲಿ ಸಾಕ್ಷಿಗಳ ಮುಂದೆ ತನ್ನದಾಗಿಸಿಕೊಳ್ಳುತ್ತಾನೆ. ಥೇಟ್ ಕ್ರಯಪತ್ರದ ಭಾಷೆ! ಗುರುಮಠದಲ್ಲಿದ್ದಾಗ ನನಗಿದು ನೀರಸವೆನಿಸಿತ್ತು.

ಆ ಎಣಿಕೆಯನ್ನು ತಿದ್ದಿದ್ದು ಬಂಗಾರಪೇಟೆಯಾಚೆಯ ಕೋಲಾರ ಚಿನ್ನದ ಗಣಿಯ ಸಮಾಧಿಭೂಮಿಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ತಮಿಳು, ತೆಲುಗು ಸೀಮೆಗಳಿಂದ ಬಂದ ಕುಟುಂಬಗಳು ಕಂಪನಿಯ ಲೈನು ಮನೆಗಳಲ್ಲಿ ಬಾಳಿದವು. ಮನೆ ಅವರದಲ್ಲ, ಅಗೆದ ಚಿನ್ನವೂ ಅವರದಲ್ಲ. 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದು ದುಡಿದವರಿಗೆ ನಮ್ಮದೆನ್ನಲು ಉಳಿದದ್ದು ಆರಡಿ ನೆಲ. ಅಬ್ರಹಾಮನೂ ಹಾಗೆಯೇ: ಕಾನಾನ್ ನಾಡೆಲ್ಲವೂ ಅವನಿಗೆ ವಾಗ್ದಾನವಾಗಿತ್ತು, ಆದರೆ ಬೆಲೆ ತೆತ್ತು ತನ್ನದಾಗಿಸಿಕೊಂಡ ಮೊದಲ ನೆಲ ಹೆಂಡತಿಯ ಸಮಾಧಿ. ಪರದೇಶಿಯ ಕಥೆಯಲ್ಲಿ ಚೌಕಾಸಿಯ ಮಾತೇ ದುಃಖದ ಮಾತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಕ್ಕಳು ಬೆಂಗಳೂರಿಗೆ, ಇನ್ನೂ ದೂರಕ್ಕೆ ಹೋದರು. "ತಾತ ಅಲ್ಲೇ ಉಳಿದರಲ್ಲ ಫಾದರ್, ತಪ್ಪಾಯಿತೇ?" ಎಂದು ಕೇಳುವವರಿದ್ದಾರೆ. ನಮ್ಮ ಪ್ರಬೋಧನೆಗಳು ಇಂಥವರಿಗೆ ಕೊಡುವ ಉತ್ತರ ಅರೆಬೆಂದದ್ದು. ಈಜಿಪ್ಟಿನಿಂದ ತನ್ನನ್ನು ಹೊತ್ತೊಯ್ಯುವಂತೆ ಯಕೋಬನು ಪ್ರಮಾಣ ಮಾಡಿಸಿದ್ದನ್ನೂ ಜೋಸೆಫನ ಎಲುಬುಗಳು ಶೆಖೆಮಿಗೆ ಬಂದುದನ್ನೂ ಹೇಳುತ್ತೇವೆ; ಕೇಳಿದವರು ಇನ್ನಷ್ಟು ಕುಗ್ಗಿ ಹೋಗುತ್ತಾರೆ.

ಗ್ರಂಥ ನಮಗಿಂತ ಸೂಕ್ಷ್ಮವಾಗಿದೆ. ಕುಟುಂಬದ ಗವಿಯಲ್ಲಿ ಯಕೋಬನ ಪಕ್ಕ ಮಲಗಿದವಳು ಲೇಯಾ, ಅವನ ಒಲವಿಗೆ ಹೊರಗಾದವಳು. ಆಕೆಯ ಮರಣವನ್ನು ಆದಿಕಾಂಡ ಬೇರೆಲ್ಲೂ ವರ್ಣಿಸುವುದಿಲ್ಲ. ಅಲ್ಲಿ ಆಕೆಯನ್ನು ಹೂಳಿದೆನೆಂದು ಗಂಡನು ಸಾಯುವಾಗ ಆಡಿದ ಒಂದು ಮಾತಷ್ಟೆ. ಪ್ರಾಣಪ್ರಿಯೆ ರಾಖೇಲಳೋ, ಹೆರಿಗೆಯಲ್ಲಿ ತೀರಿಕೊಂಡು ಬೆತ್ಲೆಹೇಮಿನ ದಾರಿಯಲ್ಲೇ ಉಳಿದಳು. ಯಕೋಬನು ಅಲ್ಲೊಂದು ಕಂಬ ನಿಲ್ಲಿಸಿ ಮುಂದೆ ನಡೆದ. ಗವಿಯೇ ಗೌರವದ ಅಳತೆಯಾಗಿದ್ದರೆ ಈ ಲೆಕ್ಕ ತಲೆಕೆಳಗು.

ಇನ್ನೊಂದನ್ನು ಗಮನಿಸಿ. ಹಿಬ್ರೂ ಲೇಖಕನು ಮೃತನು ತನ್ನವರನ್ನು ಸೇರಿದನೆಂಬ ನುಡಿಗಟ್ಟನ್ನು ಶವಸಂಸ್ಕಾರಕ್ಕೆ ಮೊದಲೇ ಬಳಸುತ್ತಾನೆ. ಯಕೋಬನು ಈಜಿಪ್ಟಿನ ಹಾಸಿಗೆಯಲ್ಲಿ ಉಸಿರು ಬಿಟ್ಟಾಗಲೇ ಸೇರಿಯಾಯಿತು. ಶರೀರಕ್ಕೆ ಸುಗಂಧದ್ರವ್ಯ ಹಚ್ಚಲು 40 ದಿನ, ಈಜಿಪ್ಟಿನವರ ಶೋಕಕ್ಕೆ 70 ದಿನ, ಆಮೇಲಷ್ಟೇ ಕಾನಾನಿನತ್ತ ಪಯಣ. ಪೂರ್ವಜರನ್ನು ಸೇರುವುದು ಒಂದು, ಸಮಾಧಿ ಸೇರುವುದು ಇನ್ನೊಂದು.

ರಾಖೇಲಳ ಎಲುಬುಗಳನ್ನು ಗವಿಗೆ ತನ್ನಿರೆಂದು ಯಕೋಬನು ಯಾರಿಗೂ ಹೇಳಲಿಲ್ಲ. ಮುಪ್ಪಿನಲ್ಲಿ ಕಣ್ಣು ಮಂಜಾಗಿದ್ದಾಗ, ಜೋಸೆಫನ ಇಬ್ಬರು ಮಕ್ಕಳು ಮುಂದೆ ಬಂದು ನಿಂತ ದಿನ, ಅವಳನ್ನು ಎಲ್ಲಿ ಹೂಳಿದೆನೆಂದು ತಿಳಿಸಿದ. ಎಫ್ರಾತಕ್ಕೆ ಇನ್ನೂ ಸ್ವಲ್ಪ ದೂರವಿತ್ತೆಂಬುದನ್ನೂ ಬಿಡದೆ. ನವೆಂಬರ್ 2ರಂದು ಮೊಂಬತ್ತಿ, ಹೂವು ಹಿಡಿದು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುವವರಿದ್ದಾರೆ. ಕಲ್ಲಿನ ಅಕ್ಷರ ಅಳಿಸಿದಲ್ಲಿ, ಬೇವಿನ ಮರದಿಂದ ಎಷ್ಟನೆಯ ಸಾಲು ಎಂಬುದನ್ನು ಅಜ್ಜಿಯೇ ಮೊಮ್ಮಕ್ಕಳಿಗೆ ಎಣಿಸಿ ತೋರಿಸಬೇಕು.