ನಡುವಿನ ಸುತ್ತುಗಳು

ಹತ್ತು ಸಾವಿರ ಮೀಟರ್ ಓಟ ಅಂದರೆ ಇಪ್ಪತ್ತೈದು ಸುತ್ತು. ಟೀವಿಯವರು ಮೊದಲ ಎರಡು ತೋರಿಸಿ, ಜಾವೆಲಿನ್ ಕಡೆ ಹೋಗಿ, ಎತ್ತರ ಜಿಗಿತ ನೋಡಿಕೊಂಡು, ಜಾಹೀರಾತನ್ನೂ ಮುಗಿಸಿ ಕೊನೆಯ ಎರಡು ಸುತ್ತಿಗೆ ಹಾಜರಾಗುತ್ತಾರೆ. ಮಂಡಾಳ ಒಗ್ಗರಣೆ ಕೇಳಿದವನಿಗೆ ಬರೀ ಮಿರ್ಚಿ ಕೊಟ್ಟು ಕಳಿಸಿದ ಹಾಗೆ. ಮಿರ್ಚಿ ರುಚಿಯೇ, ಬೇಡ ಅನ್ನುವವರಾರು? ಆದರೆ ಹೊಟ್ಟೆ ತುಂಬುವುದು ಒಗ್ಗರಣೆಯಿಂದ.

ಆ ನಡುವಿನ ಸುತ್ತುಗಳಲ್ಲಿ ಏನೂ ನಡೆಯುವುದಿಲ್ಲ ಎನ್ನುವವರು ನನ್ನ ಪಕ್ಕ ಕೂತು ಒಮ್ಮೆ ನೋಡಬೇಕು. ಮುಂದೆ ಓಡುವವನು ಗಾಳಿಗೆ ಎದೆ ಕೊಟ್ಟಿರುತ್ತಾನೆ. ಹಿಂದಿನವನು ಅವನ ಬೆನ್ನಿನ ಮರೆಯಲ್ಲಿ ಪುಕ್ಕಟೆ ಸಾಗುತ್ತಿರುತ್ತಾನೆ. ತಿರುವಿನಲ್ಲಿ ಒಳಗೆ ಜಾಗ ಸಿಗದೆ ಎರಡನೇ ಪಥಕ್ಕೆ ತಳ್ಳಿಸಿಕೊಂಡವನು ಸುತ್ತಿಗೆ ಏಳು ಮೀಟರಿಗಿಂತ ಹೆಚ್ಚು ದಂಡ ತೆರುತ್ತಾನೆ. ಸಾಲ ಯಾರ ಹೆಸರಿಗೆ ಬೆಳೆಯುತ್ತಿದೆ ಅನ್ನುವುದು ಹೆಗಲು ನೋಡಿದರೆ ಗೊತ್ತಾಗುತ್ತದೆ. ಕಿವಿಯ ಕಡೆಗೆ ಏರತೊಡಗಿದ ಹೆಗಲು ಸುಳ್ಳು ಹೇಳುವುದಿಲ್ಲ.

2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಹೈಲೆ ಗೆಬ್ರೆಸಲಾಸಿ, ಕೀನ್ಯಾದ ಪಾಲ್ ಟೆರ್ಗಟ್‌ರನ್ನು ಹತ್ತು ಸಾವಿರ ಮೀಟರಿನಲ್ಲಿ ಸೋಲಿಸಿದ್ದು 0.09 ಸೆಕೆಂಡಿನಲ್ಲಿ. ಅದೇ ಕೂಟದ ಪುರುಷರ ನೂರು ಮೀಟರಿನಲ್ಲಿ ಮೊದಲ ಇಬ್ಬರ ನಡುವೆ 0.12 ಸೆಕೆಂಡ್ ಅಂತರವಿತ್ತು. ಹತ್ತು ಕಿಲೋಮೀಟರ್ ಓಡಿದವರು ನೂರು ಮೀಟರ್ ಓಡಿದವರಿಗಿಂತ ಹತ್ತಿರ ಬಂದು ಮುಟ್ಟಿದರು! ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಮನೆಯಲ್ಲಂತೂ ಕೇಳುವುದನ್ನು ಬಿಟ್ಟಿದ್ದಾರೆ.

ನಮ್ಮವರ ಪೈಕಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪಾರುಲ್ ಚೌಧರಿ ಓಟ ಎಲ್ಲರಿಗೂ ನೆನಪಿದೆ. 2023ರ ಅಕ್ಟೋಬರ್ 2ರಂದು ಸ್ಟೀಪಲ್‌ಚೇಸ್‌ನಲ್ಲಿ ಬೆಳ್ಳಿ, ಮರುದಿನವೇ ಐದು ಸಾವಿರ ಮೀಟರಿನಲ್ಲಿ ಜಪಾನಿನ ರಿರಿಕಾ ಹಿರೊನಾಕಾರನ್ನು ಗೆರೆಯ ಸಮೀಪ ಹಿಂದಿಕ್ಕಿ ಚಿನ್ನ. ಆದರೆ ನನಗೆ ಒಂದನ್ನೇ ಆರಿಸು ಎಂದರೆ, ಸೋತ ಓಟವನ್ನು ಆರಿಸುತ್ತೇನೆ.

2022ರ ಆಗಸ್ಟ್ 6, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟ. ಸ್ಟೀಪಲ್‌ಚೇಸ್ ಅಂದರೆ ಮೂರು ಸಾವಿರ ಮೀಟರಿನಲ್ಲಿ ಇಪ್ಪತ್ತೆಂಟು ಅಡ್ಡಗಟ್ಟೆ, ಏಳು ನೀರಿನ ಹೊಂಡ. 1998ರಿಂದ 2018ರವರೆಗೆ ಪ್ರತಿ ಸಲವೂ ಪುರುಷರ ವಿಭಾಗದಲ್ಲಿ ಇದರ ಮೂರೂ ಪದಕ ಕೀನ್ಯಾದ ಪಾಲು. ಆ ಕೀನ್ಯಾದವರ ಗುಂಪಿನೊಳಗೆ ನಮ್ಮ ಅವಿನಾಶ್ ಸಾಬ್ಳೆ. ಕೊನೆಯ ನೇರ ಹಾದಿಯಲ್ಲಿ ಕೀನ್ಯಾದ ಅಬ್ರಹಾಂ ಕಿಬಿವೊಟ್ ಮುಂದೆ, ಸಾಬ್ಳೆ ಹಿಂದೆ. ಅಂತರ ಕರಗುತ್ತಾ ಕರಗುತ್ತಾ ಗೆರೆ ಬಂದೇಬಿಟ್ಟಿತು. 8:11.15, 8:11.20. ರೆಪ್ಪೆ ಬಡಿಯಲೂ ಸಾಲದ ಹೊತ್ತು.

ಸಾಬ್ಳೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯವರು. 1956ರವರೆಗೆ ಬೀಡ್, ನಮ್ಮ ರಾಯಚೂರು ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ. ಮಳೆ ಕೈಕೊಡುವುದರಲ್ಲೂ ದಾಯಾದಿಗಳು. ಹಾಗಾಗಿ ಆ ಬೆಳ್ಳಿಯಲ್ಲಿ ನಮಗೂ ಗುಲಗಂಜಿ ತೂಕದ ಪಾಲಿದೆ ಎಂದು ನನ್ನ ವಾದ. ಅದನ್ನು ಒಪ್ಪದಿದ್ದರೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದಾರೆ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋಗಿ ಮ್ಯಾರಥಾನಿನಲ್ಲಿ ಹತ್ತೊಂಬತ್ತನೆಯವರಾಗಿ ಮುಗಿಸಿದರು. ಹತ್ತು ಸಾವಿರ ಮೀಟರಿಗೂ ಇಳಿದಿದ್ದರು. ಅದರ ಚಿನ್ನ ಗೆದ್ದವರು ಪಾವೊ ನುರ್ಮಿ. ಮುಂದೆ ಕೈಯಲ್ಲಿ ಗಡಿಯಾರ ಹಿಡಿದು, ಸುತ್ತು ಸುತ್ತಿಗೂ ನೋಡಿಕೊಂಡು ಓಡಿದ ಮಹಾರಾಯ.

ಗಡಿಯಾರವೇ ಬೇಕೆಂದಿಲ್ಲ. ನಮ್ಮ ಜಿಲ್ಲೆಯ ಮಟಮಾರಿ ಕಡೆ ಒಂದು ಶಾಲೆಯ ಮೈದಾನದಲ್ಲಿ ಐದು ಸಾವಿರ ಮೀಟರ್ ಓಟ ಇಟ್ಟಿದ್ದರು. ಇನ್ನೂರು ಮೀಟರಿನ ಸುಣ್ಣದ ಗೆರೆ, ಅಲ್ಲೂ ಇಪ್ಪತ್ತೈದೇ ಸುತ್ತು. ಹಿಂದಿನ ರಾತ್ರಿ ಹನಿ ಬಿದ್ದು ಎರೆಮಣ್ಣು ಪಾದಕ್ಕೆ ಮೆತ್ತುತ್ತಿತ್ತು. ಹತ್ತನೇ ಸುತ್ತಿಗೇ ಇಬ್ಬರು ಉಳಿದರು: ಮುಂದೆ ದೇವದುರ್ಗದ ಹುಡುಗ, ಅವನ ನೆರಳಲ್ಲಿ ಮಾನ್ವಿಯವನು. ಮಾನ್ವಿ ಹುಡುಗನ ಅಣ್ಣ ನನ್ನ ಪಕ್ಕದಲ್ಲೇ ನಿಂತು, ತಮ್ಮ ದಾಟಿದಾಗಲೆಲ್ಲ ಎಡಗಿಸೆಯ ಹುಣಸೆ ಬೀಜ ಒಂದನ್ನು ಬಲಗಿಸೆಗೆ ಹಾಕುತ್ತಿದ್ದ.

ಕೊನೆಯ ಸುತ್ತಿನ ಗಂಟೆ ಅಂದರೆ ತೂಗುಹಾಕಿದ ರೈಲು ಹಳಿಯ ತುಂಡು. ಠಣ್ ಠಣ್ ಅಂತು. ದೇವದುರ್ಗದ ಹುಡುಗ ಬಾಣದ ಹಾಗೆ ಹಾರಿದ. ಅಣ್ಣ ಕಿಸೆಗೆ ಕೈ ಹಾಕಿದ, ಹೊರಗೆ ತೆಗೆದು ನೋಡಿದ.

“ಇನ್ನೂ ಎರಡು ಅದಾವಲೇ! ಸುಮ್ನ ಬಾ!”

ತಮ್ಮ ಅದೇ ಹೆಜ್ಜೆಯಲ್ಲಿ ಬಂದ. ಅತ್ತ ದೇವದುರ್ಗದವನು ಎದೆ ಮುಂದೆ ಮಾಡಿ ಗೆರೆ ದಾಟಿ, ಮೊಣಕಾಲು ಹಿಡಿದು ನಿಂತ. ಸುತ್ತು ಎಣಿಸುವವರ ಮೇಜಿನ ಬಳಿ ಗದ್ದಲ, ಹಾಳೆ ತಿರುವಿ ಹಾಕುವುದು, ಅವನತ್ತ ಕೈ ಬೀಸುವುದು. ಅಷ್ಟರಲ್ಲಿ ಮಾನ್ವಿಯ ಹುಡುಗ ಅವನನ್ನು ದಾಟಿ ಹೋದ. ಅಣ್ಣನ ಅಂಗೈಯಲ್ಲಿ ಒಂದೇ ಬೀಜ ಉಳಿದಿತ್ತು.