ಶಾಲೆಗೆ ಬಂದ ಕವಿಶಿಷ್ಯ

ಶಾಲಾ ಇನ್‌ಸ್ಪೆಕ್ಟರರ ಆಗಮನವೆಂದರೆ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಸಮಾನವಾಗಿ ಭೀತಿಯುಂಟಾಗುತ್ತಿದ್ದ ಕಾಲದಲ್ಲಿ, ಅದೇ ಅಧಿಕಾರವನ್ನು ಹೊತ್ತು ದಕ್ಷಿಣ ಕನ್ನಡದ ಶಾಲೆಗಳನ್ನು ಸಂದರ್ಶಿಸುತ್ತ, ಮಕ್ಕಳ ನಡುವೆ ಕಥೆಗಾರರೂ ಹಾಡುಗಾರರೂ ಆಗಿಬಿಡುತ್ತಿದ್ದ ಪಂಜೆ ಮಂಗೇಶರಾಯರ (1874–1937) ಕೌಶಲವನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವುಂಟಾಗುತ್ತದೆ. ಮನೆಮಾತು ಕೊಂಕಣಿ, ಹುಟ್ಟೂರಾದ ಬಂಟ್ವಾಳದ ಬೀದಿಯ ಮಾತು ತುಳು. ಹೀಗಿದ್ದೂ ಕನ್ನಡ ಶಿಶುವಿನ ನಾಲಗೆಯ ಚಲನೆಯನ್ನು ಅವರಷ್ಟು ಸೂಕ್ಷ್ಮವಾಗಿ ಬಲ್ಲವರು ವಿರಳ.

ಅವರ ನಾಗರಹಾವಿನ ಪದ್ಯವನ್ನೇ ನೋಡಿ. ನಾಲ್ಕು ನಾಲ್ಕು ಮಾತ್ರೆಗಳ ಗಣಗಳು ಪುಟ್ಟ ಹೆಜ್ಜೆಗಳಂತೆ ಸಾಗುತ್ತವೆ; ಮಗುವಿನ ಉಸಿರಿಗೆ ಭಾರವಾಗುವ ದೀರ್ಘ ಸಮಾಸಗಳಿಗೆ ಅಲ್ಲಿ ಎಡೆಯೇ ಇಲ್ಲ. ಹಾವನ್ನು ಹೊಗಳಿ, ಕೈಮುಗಿದು, ಹಾಲಿನ ಆಸೆಯನ್ನೊಡ್ಡಿ ಕರೆಯುವ ಆ ಎಳೆಯ ಧೈರ್ಯವು ಕಡೆಗೆ ಅದನ್ನು ಸಾಗಹಾಕುವ ಜಾಣತನವಾಗಿ ಮಾರ್ಪಡುವುದೂ, ನುಡಿನುಡಿಯ ಕೊನೆಯಲ್ಲಿ ಒಂದೇ ಅಕ್ಷರವು ಪುನಃ ಪುನಃ ಮೊಳಗಿ, ತರಗತಿಯ ಅತ್ಯಂತ ಸಂಕೋಚದ ಬಾಲಕನಿಗೂ ಬಾಯಿಗೂಡಿಸಲು ಅವಕಾಶವೀಯುವುದೂ ಪಂಡಿತರ ಕಣ್ಣಿಗೆ ಸುಲಭವಾಗಿ ಬೀಳದ ಶಿಲ್ಪ. (ಮೌನವಾಗಿ ಓದುವವರಿಗೆ ಇದರ ಅರ್ಧಾಂಶವೂ ದಕ್ಕದು.)

ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡಗಿನ ಸುಗ್ಗಿಹಬ್ಬವೂ ಅವರಿಗೆ ವಸ್ತುವಾಯಿತು. ‘ಹುತ್ತರಿ ಹಾಡು’ ಕನ್ನಡಕ್ಕೆ ದೊರೆಯಿತು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ ಒದಗಿತು. ಆದರೆ ಅವರು ತಮಗಾಗಿ ಆರಿಸಿಕೊಂಡಿದ್ದ ಹೆಸರು ‘ಕವಿಶಿಷ್ಯ’. ಕಾಲುಮಣೆಯ ಮೇಲೆ ಕುಳಿತ ಮಕ್ಕಳೆದುರು ಹಾಡುವವನಿಗೆ ಅದಕ್ಕಿಂತ ಒಪ್ಪುವ ಬಿರುದನ್ನು ನಾನು ಕಾಣೆ.